ಲೆನ್‌ಸ್ಟರ್ ಹೌಸಿನ ಹೊಸ್ತಿಲು: 1986ರಲ್ಲಿ ಶಿನ್ ಫೇನ್ ಒಡೆದ ಬಗೆ

1986ರ ನವೆಂಬರ್ 2, ಭಾನುವಾರ. ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನ ಮ್ಯಾನ್ಷನ್ ಹೌಸ್‌ನಲ್ಲಿ, ಬ್ರಿಟನ್ನಿನ ಹಿಡಿತವಿಲ್ಲದ ಒಂದೇ ಐರಿಷ್ ಗಣರಾಜ್ಯ ಬೇಕೆನ್ನುವ ಶಿನ್ ಫೇನ್ ಪಕ್ಷದ ವಾರ್ಷಿಕ ಅಧಿವೇಶನದ ಕೊನೆಯ ದಿನ. ಐರಿಷ್ ಭಾಷೆಯಲ್ಲಿ ಈ ಅಧಿವೇಶನಕ್ಕೆ ಆರ್ಡ್ ಎಶ್ ಎನ್ನುತ್ತಾರೆ. ಮೈಕಿನ ಮುಂದೆ ನಿಂತವರು ರೂರಿ ಓ ಬ್ರಾಡಿ. ವಯಸ್ಸು 54, ರಾಸ್ಕಾಮನ್ ಊರಿನಲ್ಲಿ ಮಕ್ಕಳಿಗೆ ಐರಿಷ್ ಕಲಿಸಿದ ಮೇಷ್ಟ್ರು, ಮೂರು ವರ್ಷಗಳ ಹಿಂದಿನವರೆಗೂ ಇದೇ ಪಕ್ಷದ ಅಧ್ಯಕ್ಷರು. ಸಭೆಯ ಮುಂದಿದ್ದ ಠರಾವು ಚಿಕ್ಕದು: ಪಕ್ಷದಿಂದ ಗೆದ್ದವರು ಇನ್ನು ಮುಂದೆ ಡಬ್ಲಿನ್ನಿನ ಸಂಸತ್ತಿನಲ್ಲಿ ಕೂರಬಹುದು. ಓ ಬ್ರಾಡಿ ಅಂಗಲಾಚಿದರು. 65 ವರ್ಷ ಹಿಡಿಯಿತು, ಆದರೂ ಕೊನೆಗೆ ಇವರನ್ನು ದಾರಿಗೆ ತಂದೆವು ಎಂದು ಡಬ್ಲಿನ್, ಲಂಡನ್, ಬೆಲ್‌ಫಾಸ್ಟ್‌ಗಳ ನಮ್ಮ ವಿರೋಧಿಗಳು ಹೇಳಿಕೊಳ್ಳುವ ದಿನವನ್ನು ದೇವರಾಣೆಗೂ ಬರಗೊಡಬೇಡಿ ಎಂಬುದು ಅವರ ಮಾತಿನ ತಿರುಳಾಗಿತ್ತು.

ಮತ ಎಣಿಸಿದಾಗ ಠರಾವಿನ ಪರ 429, ವಿರುದ್ಧ 161. ಪಕ್ಷದ ಸಂವಿಧಾನ ತಿದ್ದಲು ಮೂರನೇ ಎರಡರಷ್ಟು ಬೆಂಬಲ ಬೇಕಿತ್ತು. ಬಿದ್ದ 590 ಮತಗಳಲ್ಲಿ 394 ಸಿಕ್ಕರೆ ಸಾಕಿತ್ತು, 35 ಹೆಚ್ಚೇ ಬಂದವು. ಓ ಬ್ರಾಡಿ, ಅವರ ಹಳೆಯ ಒಡನಾಡಿ ಡಾಹಿ ಓ ಕೊನಾಲ್ ಮತ್ತು ಒಂದು ಸಣ್ಣ ಗುಂಪು ಎದ್ದು ಹೊರನಡೆದರು. ಅದೇ ದಿನ ಊರಂಚಿನ ಚಾಪೆಲಿಜಾಡ್‌ನ ಹೋಟೆಲೊಂದರಲ್ಲಿ ಸೇರಿ ರಿಪಬ್ಲಿಕನ್ ಶಿನ್ ಫೇನ್ ಎಂಬ ಹೊಸ ಸಂಘಟನೆ ಕಟ್ಟಿದರು.

ಐರಿಷ್ ರಿಪಬ್ಲಿಕನ್ ಚಳವಳಿಯಲ್ಲಿ ಒಡಕು ಹೊಸದೇನಲ್ಲ. ಅದಕ್ಕೂ ಮೊದಲು ಒಡೆದಾಗ ಹಲವು ಬಾರಿ ರಕ್ತ ಹರಿದಿತ್ತು. ಈ ಬಾರಿ ಹರಿಯಲಿಲ್ಲ. ಏಕೆ ಹರಿಯಲಿಲ್ಲ, ಅದರ ಬೆಲೆಯನ್ನು ಯಾರು ತೆತ್ತರು ಎಂಬ ಎರಡು ಪ್ರಶ್ನೆಗಳಿಗಾಗಿ ಈ ಪ್ರಕರಣವನ್ನು ಬಿಡಿಸಿ ನೋಡುತ್ತಿದ್ದೇನೆ.

ಕುರ್ಚಿಯ ಮೇಲೇಕೆ ಇಷ್ಟು ಜಗಳ

ಗೆದ್ದ ಮೇಲೂ ಸಂಸತ್ತಿಗೆ ಹೋಗದಿರುವುದು ನಮಗೆ ವಿಚಿತ್ರವಾಗಿ ಕಾಣಬಹುದು. ಶಿನ್ ಫೇನ್ ಪಕ್ಷಕ್ಕೆ ಅದು ಹುಟ್ಟಿನೊಂದಿಗೇ ಬಂದ ಗುಣ. 1905ರಲ್ಲಿ ಪಕ್ಷ ಕಟ್ಟಿದ ಆರ್ಥರ್ ಗ್ರಿಫಿತ್, ಹಂಗೆರಿಯ ಪ್ರತಿನಿಧಿಗಳು ವಿಯೆನ್ನಾದ ಸಂಸತ್ತನ್ನು ಬಹಿಷ್ಕರಿಸಿ 1867ರಲ್ಲಿ ತಮ್ಮದೇ ಶಾಸನಸಭೆ ಪಡೆದ ಉದಾಹರಣೆಯನ್ನು ಮುಂದಿಟ್ಟಿದ್ದರು. 1918ರ ಚುನಾವಣೆಯಲ್ಲಿ ಐರ್ಲೆಂಡಿನ 105 ಸ್ಥಾನಗಳಲ್ಲಿ 73 ಶಿನ್ ಫೇನ್ ಪಾಲಾದವು. ಗೆದ್ದವರು ಲಂಡನ್ನಿಗೆ ಹೋಗಲಿಲ್ಲ. 1919ರ ಜನವರಿ 21ರಂದು ಇದೇ ಮ್ಯಾನ್ಷನ್ ಹೌಸ್‌ನಲ್ಲಿ, ಸೆರೆಮನೆಯಲ್ಲಿಲ್ಲದವರಷ್ಟೇ ಸೇರಿ, ಡಾಯ್ಲ್ ಎಂಬ ತಮ್ಮದೇ ಸಂಸತ್ತನ್ನು ತೆರೆದರು. 1986ರ ಠರಾವು ಚರ್ಚೆಯಾದದ್ದು ಆ ಕಟ್ಟಡದಲ್ಲೇ ಎಂಬುದು ಅಲ್ಲಿ ಕುಳಿತಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಆಮೇಲೆ 1921ರ ಆಂಗ್ಲೋ-ಐರಿಷ್ ಒಪ್ಪಂದ ಬಂತು. ಉತ್ತರದ ಆರು ಕೌಂಟಿಗಳು ಬ್ರಿಟನ್ನಿನಲ್ಲೇ ಉಳಿದವು, ಉಳಿದ 26 ಕೌಂಟಿಗಳಿಗೆ ಸೀಮಿತ ಸ್ವಾತಂತ್ರ್ಯ ಸಿಕ್ಕಿತು, ಶಾಸಕರು ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕಾಯಿತು. ಡಾಯ್ಲ್ ಇದನ್ನು 64–57ರಿಂದ ಒಪ್ಪಿತು. ನಿನ್ನೆಯವರೆಗೆ ಒಂದೇ ತಟ್ಟೆಯಲ್ಲಿ ಉಂಡವರು ಆರು ತಿಂಗಳೊಳಗೆ ಒಬ್ಬರಿಗೊಬ್ಬರು ಗುಂಡು ಹಾರಿಸತೊಡಗಿದರು. ಒಪ್ಪಂದ ವಿರೋಧಿಗಳ ಪಾಲಿಗೆ 1921ರಲ್ಲಿ ಆಯ್ಕೆಯಾದ ಎರಡನೇ ಡಾಯ್ಲ್ ಮಾತ್ರ ನಿಜವಾದ ಸಂಸತ್ತು, ನಂತರದ್ದೆಲ್ಲ ಕಳ್ಳಸರಕು. ಆ ಸಂಸತ್ತು ಕೂರುವ ಕಟ್ಟಡದ ಹೆಸರು ಲೆನ್‌ಸ್ಟರ್ ಹೌಸ್. ಹಳೆಯ ರಿಪಬ್ಲಿಕನ್ನರು ಅದನ್ನು ಡಾಯ್ಲ್ ಎಂದು ಕರೆಯಲು ಒಪ್ಪದೆ ಕಟ್ಟಡದ ಹೆಸರಿನಿಂದಲೇ ಕರೆಯುತ್ತಿದ್ದರು.

1938ರ ಡಿಸೆಂಬರ್‌ನಲ್ಲಿ ಆ ಎರಡನೇ ಡಾಯ್ಲ್‌ನ ಉಳಿದ ಏಳು ಮಂದಿ ತಮ್ಮ ಅಧಿಕಾರವನ್ನು ಐರಿಷ್ ರಿಪಬ್ಲಿಕನ್ ಆರ್ಮಿ ಎಂಬ ಸಶಸ್ತ್ರ ಸಂಘಟನೆಯ, ಅಂದರೆ ಐಆರ್‌ಎಯ, ಸೇನಾ ಮಂಡಳಿಗೆ ಒಪ್ಪಿಸಿ ಸಹಿ ಮಾಡಿದರು. ಅಂದಿನಿಂದ ಐಆರ್‌ಎ ತನ್ನನ್ನು ಇಡೀ ಐರ್ಲೆಂಡಿನ ಕಾನೂನುಬದ್ಧ ಸರ್ಕಾರವೆಂದು ಭಾವಿಸಿತು. ಹೊರಗಿನವರಿಗೆ ಇದು ಕಟ್ಟುಕಥೆ ಅನ್ನಿಸಬಹುದು. ಆದರೆ ಬಂದೂಕು ಹಿಡಿದು ಕೊಲ್ಲಲು, ಸಾಯಲು ಹೊರಟವನಿಗೆ ತಾನು ಕೊಲೆಗಾರನಲ್ಲ, ಸೈನಿಕ ಎಂದು ಹೇಳಿಕೊಳ್ಳಲು ಇದ್ದ ಆಧಾರ ಅದೊಂದೇ. ಲೆನ್‌ಸ್ಟರ್ ಹೌಸಿನಲ್ಲಿ ಕುಳಿತ ಕ್ಷಣ ಆ ಆಧಾರ ಕುಸಿಯುತ್ತದೆ ಎಂಬ ಓ ಬ್ರಾಡಿಯವರ ಭಯ ತರ್ಕಹೀನವಾಗಿರಲಿಲ್ಲ.

ಅವರ ಪರ ಚರಿತ್ರೆಯೂ ಸಾಕ್ಷಿ ಹೇಳುತ್ತಿತ್ತು. 1926ರಲ್ಲಿ ಈಮನ್ ಡಿ ವಲೆರಾ, ನಿಷ್ಠೆಯ ಪ್ರಮಾಣ ತೆಗೆದುಹಾಕಿದರೆ ಸಂಸತ್ತಿಗೆ ಹೋಗುವುದು ಬಿಡುವುದು ತತ್ವದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಬರೀ ಕಾರ್ಯನೀತಿಯ ಪ್ರಶ್ನೆಯಾಗುತ್ತದೆ ಎಂದು ವಾದಿಸಿ ಕೂದಲೆಳೆಯ ಅಂತರದಲ್ಲಿ ಸೋತರು. ಪಕ್ಷ ಬಿಟ್ಟು ಫಿಯಾನಾ ಫಾಲ್ ಕಟ್ಟಿ, 1927ರಲ್ಲಿ ಸಂಸತ್ತಿನೊಳಗೆ ಹೋದರು, 1932ರಲ್ಲಿ ಅಧಿಕಾರ ಹಿಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಐಆರ್‌ಎಯವರನ್ನು ಶಿಬಿರಗಳಲ್ಲಿ ಕೂಡಿಹಾಕಿ, ಕೆಲವರನ್ನು ಗಲ್ಲಿಗೇರಿಸಿದ್ದು ಅದೇ ಡಿ ವಲೆರಾ ಸರ್ಕಾರ. ಒಂದು ಕಾಲಕ್ಕೆ ಐಆರ್‌ಎಯ ಮುಖ್ಯಸ್ಥರಾಗಿದ್ದ ಶಾನ್ ಮ್ಯಾಕ್‌ಬ್ರೈಡ್ 1948ರಲ್ಲಿ ವಿದೇಶಾಂಗ ಮಂತ್ರಿಯಾದರು. ಒಳಗೆ ಹೋದವನು ನಾಳೆ ನಮ್ಮ ಜೈಲರ್ ಆಗುತ್ತಾನೆ ಎಂಬುದು ಈ ಚಳವಳಿಯ ಮನೆಮನೆಯ ಪಾಠವಾಗಿತ್ತು.

ಹೂವಿನ ಬೆನ್ನಿನ ಅಂಟು

1969–70ರ ಒಡಕಿಗೂ ಇದೇ ಕಾರಣವಿತ್ತು. ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕ್ಕರ ಮನೆಗಳು ಸುಟ್ಟುಹೋದಾಗ ಐಆರ್‌ಎ ಕಾಯಲಿಲ್ಲ ಎಂಬ ಸಿಟ್ಟು ಒಂದು ಕಡೆ, ನಾಯಕತ್ವ ಎಡಪಂಥಕ್ಕೆ ವಾಲಿ ಸಂಸತ್ತುಗಳಿಗೆ ಹೋಗಲು ಹೊರಟಿದೆ ಎಂಬ ಸಿಟ್ಟು ಇನ್ನೊಂದು ಕಡೆ. 1970ರ ಜನವರಿಯ ಅಧಿವೇಶನದಲ್ಲಿ ಬಹಿಷ್ಕಾರ ಕೈಬಿಡುವ ಠರಾವಿಗೆ ಬಹುಮತ ಬಂತು, ಮೂರನೇ ಎರಡರಷ್ಟು ಬರಲಿಲ್ಲ. ವಿರೋಧಿಗಳು ಎದ್ದು ಹೋಗಿ ಪ್ರಾವಿಷನಲ್ ಶಿನ್ ಫೇನ್ ಕಟ್ಟಿದರು. ಅದರ ಮೊದಲ ಅಧ್ಯಕ್ಷರಾದವರು ರೂರಿ ಓ ಬ್ರಾಡಿ.

ಒಡಕು ಎಷ್ಟು ಸಣ್ಣ ವಸ್ತುವಿಗೂ ಇಳಿಯುತ್ತದೆ ಎಂಬುದಕ್ಕೆ ಈಸ್ಟರ್ ಲಿಲಿಯನ್ನು ನೋಡಬೇಕು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್ನಿನಲ್ಲಿ ಎದ್ದ 1916ರ ಬಂಡಾಯದಲ್ಲಿ ಸತ್ತವರ ನೆನಪಿಗೆ ಪ್ರತಿ ಈಸ್ಟರ್‌ಗೂ ಕೋಟಿನ ಎದೆಗೆ ಧರಿಸುವ ಕಾಗದದ ಬಿಳಿ ಹೂವು ಅದು. ಹಳೆಯ ಬಣವಾದ ಅಫಿಷಿಯಲ್‌ಗಳು ಅದರ ಬೆನ್ನಿಗೆ ಅಂಟು ಸವರಿ ಮಾರಿದರು, ಪ್ರಾವಿಷನಲ್‌ಗಳು ಗುಂಡುಪಿನ್ನಿನಿಂದಲೇ ಚುಚ್ಚಿಕೊಂಡರು. ಅಂದಿನಿಂದ ಅಫಿಷಿಯಲ್‌ಗಳಿಗೆ ‘ಸ್ಟಿಕಿ’ ಎಂಬ ಹೆಸರು ಅಂಟಿತು. ಬೆಲ್‌ಫಾಸ್ಟಿನ ಓಣಿಗಳಲ್ಲಿ ಆ ಪದ ಬೈಗುಳವಾಯಿತು, 1975ರ ಅಂತಃಕಲಹದಲ್ಲಿ ಅದೇ ಗುರುತಿನ ಮೇಲೆ ಹೆಣಗಳು ಬಿದ್ದವು. ಅಫಿಷಿಯಲ್‌ಗಳಿಂದ ಸಿಡಿದು 1974ರಲ್ಲಿ ಹೊಸ ಪಕ್ಷವನ್ನೂ ಐಎನ್‌ಎಲ್‌ಎ ಎಂಬ ಸಶಸ್ತ್ರ ಗುಂಪನ್ನೂ ಕಟ್ಟಿದ ಸೀಮಸ್ ಕಾಸ್ಟೆಲೊ 1977ರಲ್ಲಿ ಡಬ್ಲಿನ್ನಿನಲ್ಲಿ ಗುಂಡಿಗೆ ಬಲಿಯಾದರು. 1986ರ ಸಭೆಯಲ್ಲಿದ್ದ ಬಹುಪಾಲು ಜನ ಇದನ್ನೆಲ್ಲ ಕಣ್ಣಾರೆ ಕಂಡವರು.

ಮತಪೆಟ್ಟಿಗೆ ತೆರೆದ ಸಾವುಗಳು

1970ರಲ್ಲಿ ಬಹಿಷ್ಕಾರಕ್ಕಾಗಿ ಹುಟ್ಟಿದ ಪಕ್ಷ ಹದಿನಾರೇ ವರ್ಷದಲ್ಲಿ ಅದನ್ನು ಬಿಡಲು ಹೊರಟಿದ್ದು ಹೇಗೆ? ಉತ್ತರ 1981ರಲ್ಲಿದೆ. ಉತ್ತರ ಐರ್ಲೆಂಡಿನ ಮೇಜ್ ಸೆರೆಮನೆಯಲ್ಲಿ ರಾಜಕೀಯ ಕೈದಿಗಳ ಸ್ಥಾನಮಾನಕ್ಕಾಗಿ ಉಪವಾಸ ಕುಳಿತಿದ್ದ ಬಾಬಿ ಸ್ಯಾಂಡ್ಸ್, ಏಪ್ರಿಲ್ 9ರಂದು ಫರ್ಮಾನಾ–ದಕ್ಷಿಣ ಟಿರೋನ್ ಕ್ಷೇತ್ರದಿಂದ 30,492 ಮತ ಪಡೆದು ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದರು. 66 ದಿನಗಳ ಉಪವಾಸದ ಬಳಿಕ ಮೇ 5ರಂದು ತೀರಿಕೊಂಡರು. ಒಟ್ಟು ಹತ್ತು ಮಂದಿ ಸತ್ತರು. ಅವರಲ್ಲಿ ಕೀರನ್ ಡೊಹರ್ಟಿ ಜೂನ್‌ನಲ್ಲಿ ದಕ್ಷಿಣದ ಕ್ಯಾವನ್–ಮಾನಹನ್ ಕ್ಷೇತ್ರದಿಂದ ಡಾಯ್ಲ್‌ಗೆ ಆಯ್ಕೆಯಾಗಿದ್ದರು.

ಹತ್ತು ವರ್ಷ ಬಾಂಬುಗಳಿಂದ ಸಿಗದಿದ್ದ ಬೆಂಬಲ ಮತಪೆಟ್ಟಿಗೆಯಿಂದ ಸಿಕ್ಕಿದ್ದನ್ನು ಬೆಲ್‌ಫಾಸ್ಟಿನ ಯುವ ನಾಯಕರು ಕಂಡರು. 1982ರಲ್ಲಿ ಉತ್ತರ ಐರ್ಲೆಂಡ್ ಅಸೆಂಬ್ಲಿಯ ಐದು ಸ್ಥಾನ, 1983ರಲ್ಲಿ ಪಶ್ಚಿಮ ಬೆಲ್‌ಫಾಸ್ಟ್‌ನಿಂದ ಗೆರಿ ಆಡಮ್ಸ್ (ಅದೇ ವರ್ಷ ಓ ಬ್ರಾಡಿ ಬಳಿಕ ಪಕ್ಷದ ಅಧ್ಯಕ್ಷರಾದವರು) ಸಂಸದ, 1985ರಲ್ಲಿ ಉತ್ತರದ ಸ್ಥಳೀಯ ಸಂಸ್ಥೆಗಳಲ್ಲಿ 59 ಸದಸ್ಯರು. ಸ್ಥಳೀಯ ಸಂಸ್ಥೆಗಳಲ್ಲಿ ಕೂರಲು ಪಕ್ಷಕ್ಕೆ ಅಡ್ಡಿಯಿರಲಿಲ್ಲ, ನಿಷೇಧವಿದ್ದದ್ದು ಸಂಸತ್ತುಗಳ ಮೇಲೆ ಮಾತ್ರ. ಚರಂಡಿ ರಿಪೇರಿ, ಮನೆ ಹಂಚಿಕೆಗೆ ಓಡಾಡಿ ಜನರ ಮತ ಗಳಿಸುತ್ತಿದ್ದ ಈ ಹೊಸ ತಲೆಮಾರಿಗೆ ಎರಡನೇ ಡಾಯ್ಲ್‌ನ ವಂಶಾವಳಿ ಅಷ್ಟೇನೂ ಬೇಕಾಗಿರಲಿಲ್ಲ. ದಕ್ಷಿಣದ ಜನ ಲೆನ್‌ಸ್ಟರ್ ಹೌಸನ್ನು ತಮ್ಮ ಸಂಸತ್ತೆಂದೇ ಒಪ್ಪಿಕೊಂಡಿದ್ದಾರೆ, ನಾವು ಒಪ್ಪದಿದ್ದರೆ ಆ ಜನರಿಂದಲೇ ದೂರವಾಗುತ್ತೇವೆ ಎಂಬುದು ಆಡಮ್ಸ್ ವಾದವಾಗಿತ್ತು.

ಇದನ್ನು ಹಟಮಾರಿ ಹಿರಿಯರು ಮತ್ತು ಉದಾರಿ ಕಿರಿಯರ ಜಗಳವೆಂದು ಓದಿದರೆ ತಪ್ಪಾಗುತ್ತದೆ. ಓ ಬ್ರಾಡಿ ಮತ್ತು ಓ ಕೊನಾಲ್ ಎಪ್ಪತ್ತರ ದಶಕದಲ್ಲಿ ‘ಏರೆ ನುವಾ’, ಅಂದರೆ ಹೊಸ ಐರ್ಲೆಂಡ್, ಎಂಬ ಯೋಜನೆ ಬೆಳೆಸಿದ್ದರು. ನಾಲ್ಕು ಪ್ರಾಂತಗಳಿಗೆ ನಾಲ್ಕು ಶಾಸನಸಭೆ, ಮೇಲೆ ಒಂದು ಒಕ್ಕೂಟ. ಒಂಬತ್ತು ಕೌಂಟಿಗಳ ಅಲ್ಸ್ಟರ್ ಪ್ರಾಂತದಲ್ಲಿ ಪ್ರಾಟೆಸ್ಟಂಟ್ ಯೂನಿಯನಿಸ್ಟರಿಗೆ ಗಟ್ಟಿ ಸ್ಥಾನ ಸಿಗುತ್ತಿತ್ತು. ಬ್ರಿಟನ್ನಿನೊಂದಿಗೇ ಇರಬಯಸುವ ಹತ್ತು ಲಕ್ಷದಷ್ಟು ಜನರನ್ನು ಏನು ಮಾಡುವುದು ಎಂದು ಆ ಚಳವಳಿ ಯೋಚಿಸಿದ್ದಕ್ಕೆ ಅದು ಅಪರೂಪದ ಪುರಾವೆ. ಉತ್ತರದ ಯುವಕರು ಅದನ್ನು ಲಾಯಲಿಸ್ಟರ, ಅಂದರೆ ಬ್ರಿಟನ್ನಿನ ಕಟ್ಟಾ ನಿಷ್ಠರ, ಓಲೈಕೆ ಎಂದು ಹಳಿದು 1982ರ ಹೊತ್ತಿಗೆ ಪೂರ್ತಿ ಕೈಬಿಡಿಸಿದರು. ಸಂಸತ್ತಿನ ವಿಚಾರದಲ್ಲಿ ಕಲ್ಲಿನಂತಿದ್ದವರು ನೆರೆಯವರ ವಿಚಾರದಲ್ಲಿ ಮೆತ್ತಗಿದ್ದರು, ಸಂಸತ್ತಿನ ವಿಚಾರದಲ್ಲಿ ಬಾಗಿದವರು ಆ ಹೊತ್ತಿನಲ್ಲಿ ನೆರೆಯವರಿಗೆ ಏನನ್ನೂ ನೀಡಲು ಸಿದ್ಧರಿರಲಿಲ್ಲ.

ಗೆಲುವಿನ ಕೈಚಳಕ

1985ರಲ್ಲೇ ಇಂಥ ಠರಾವು ಬಂದು ಸ್ವಲ್ಪದರಲ್ಲಿ ಬಿದ್ದಿತ್ತು. ಒಂದೇ ವರ್ಷದಲ್ಲಿ ಫಲಿತಾಂಶ ಇಷ್ಟು ತಿರುಗಿದ್ದರ ಹಿಂದೆ ತಾಳ್ಮೆಯ ಕೆಲಸವಿದೆ.

ಮೊದಲನೆಯದಾಗಿ ಸೈನ್ಯ. ಅಧಿವೇಶನಕ್ಕೆ ಕೆಲವು ವಾರ ಮೊದಲು ಐಆರ್‌ಎ ತನ್ನ ಮಹಾಸಭೆ ನಡೆಸಿತು. 1970ರ ಬಳಿಕ ಅಂಥ ಸಭೆ ಸೇರಿದ್ದು ಅದೇ ಮೊದಲು. ಲೆನ್‌ಸ್ಟರ್ ಹೌಸಿಗೆ ಹೋಗುವ ಅಭ್ಯರ್ಥಿಗಳನ್ನು ಬೆಂಬಲಿಸಬಾರದೆಂಬ ನಿಷೇಧವನ್ನು ಅದು ತೆಗೆದುಹಾಕಿತು. ಪಕ್ಷದ ಪ್ರತಿನಿಧಿಗಳು ಮ್ಯಾನ್ಷನ್ ಹೌಸಿಗೆ ಬಂದಾಗ ಬಂದೂಕು ಹಿಡಿದವರ ತೀರ್ಮಾನ ಆಗಲೇ ಹೊರಬಿದ್ದಿತ್ತು. ಸೈನ್ಯಕ್ಕಿಂತ ಹೆಚ್ಚು ಶುದ್ಧರಾಗಲು ಹೊರಟವರು ಒಂಟಿಯಾದರು. 1986ರಲ್ಲಿ ರಕ್ತ ಹರಿಯದಿರಲು ನನ್ನ ಮಟ್ಟಿಗೆ ಇದೇ ಮುಖ್ಯ ಕಾರಣ: ಎದ್ದುಹೋದವರ ಜೊತೆ ಆಯುಧಗಳು ಹೋಗಲಿಲ್ಲ.

ಹಿರಿಯರನ್ನೂ ಗೆಲ್ಲಬೇಕಿತ್ತು. ಜೋ ಕಾಹಿಲ್ 1942ರಲ್ಲಿ ಟಾಮ್ ವಿಲಿಯಮ್ಸ್ ಜೊತೆ ಗಲ್ಲುಶಿಕ್ಷೆಗೆ ಗುರಿಯಾಗಿದ್ದವರು. ವಿಲಿಯಮ್ಸ್ ಗಲ್ಲಿಗೇರಿದರು, ಕಾಹಿಲ್ ಉಳಿದರು, ಮುಂದೆ ಪ್ರಾವಿಷನಲ್‌ಗಳ ಸ್ಥಾಪಕರಲ್ಲೊಬ್ಬರಾದರು. ಅವರು ಆಡಮ್ಸ್ ಪರ ನಿಂತರು. ಲೀಟ್ರಿಮ್ ಕೌಂಟಿಯ ಜಾನ್ ಜೋ ಮೆಗರ್ಲ್ ಅವರ ಕಥೆ ಇನ್ನಷ್ಟು ಕಾಡುವಂಥದ್ದು. 1957ರಲ್ಲಿ ಡಾಯ್ಲ್‌ಗೆ ಗೆದ್ದೂ ಒಳಗೆ ಕಾಲಿಡದ ಶಿನ್ ಫೇನ್‌ನ ನಾಲ್ವರಲ್ಲಿ ಅವರೊಬ್ಬರು, ಇನ್ನೊಬ್ಬರು ಓ ಬ್ರಾಡಿ. ಒಂದೇ ಹೊಸ್ತಿಲಿನ ಹೊರಗೆ ಜೊತೆಯಾಗಿ ನಿಂತಿದ್ದ ಇಬ್ಬರು ಸುಮಾರು ಮೂವತ್ತು ವರ್ಷಗಳ ಬಳಿಕ ಒಂದೇ ಸಭಾಂಗಣದಲ್ಲಿ ಎದುರುಬದುರಾದರು. ಮೆಗರ್ಲ್ ಬದಲಾವಣೆಯ ಪರವಿದ್ದರು. ಅಂಥವರನ್ನು ದ್ರೋಹಿ ಎಂದು ಕರೆಯುವುದು ಓ ಬ್ರಾಡಿಯವರಿಗೂ ಕಷ್ಟವಾಗಿರಬೇಕು.

ಇನ್ನು ಠರಾವಿನ ವ್ಯಾಪ್ತಿ. ಬ್ರಿಟಿಷ್ ಸಂಸತ್ತಿನ ಬಹಿಷ್ಕಾರವನ್ನು ಯಾರೂ ಮುಟ್ಟಲಿಲ್ಲ. ಉತ್ತರ ಐರ್ಲೆಂಡಿನ ಶಾಸನಸಭೆ ಕೂರುವ ಸ್ಟಾರ್ಮಾಂಟ್ ಹೆಸರೂ ಬರಲಿಲ್ಲ. ಬಿದ್ದದ್ದು ಒಂದೇ ಗೋಡೆ, ಉಳಿದೆರಡು ಭದ್ರ ಎಂದು ಕಾರ್ಯಕರ್ತರು ಸಮಾಧಾನ ಪಡಬಹುದಿತ್ತು. ಮತ ಹಾಕಿದ ಪ್ರತಿನಿಧಿಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಬಹಳ ಹೆಚ್ಚಿತ್ತು. ಮತಕ್ಕಾಗಿಯೇ ಸ್ಥಳೀಯ ಘಟಕಗಳನ್ನು ಹುಟ್ಟುಹಾಕಿದರೆಂದು ಎದ್ದುಹೋದವರು ಕೊನೆಯವರೆಗೂ ದೂರಿದರು.

ಎಲ್ಲಕ್ಕಿಂತ ಭಾರವಾಗಿ ಕೆಲಸ ಮಾಡಿದ್ದು ಉತ್ತರದ ಡೆರಿ ನಗರದ ಐಆರ್‌ಎ ನಾಯಕ ಮಾರ್ಟಿನ್ ಮೆಗಿನಿಸ್ ಅವರ ಭಾಷಣ. ಬ್ರಿಟಿಷ್ ಆಳ್ವಿಕೆಯ ವಿರುದ್ಧದ ಯುದ್ಧ ಸ್ವಾತಂತ್ರ್ಯ ಸಿಗುವವರೆಗೆ ನಿಲ್ಲುವುದಿಲ್ಲ, ಈ ನಿಲುವು ಎಂದೆಂದಿಗೂ ಬದಲಾಗುವುದಿಲ್ಲ ಎಂದು ಅವರು ಒತ್ತಿ ಒತ್ತಿ ಹೇಳಿದರು. ಹಳೆಯ ನಾಯಕರು ಬ್ರಿಟನ್ನಿನೊಂದಿಗಿನ 1975ರ ಕದನವಿರಾಮದಲ್ಲಿ ಮಾಡಿದ ಎಡವಟ್ಟನ್ನು ನೆನಪಿಸಿ, ಅದರ ಟೀಕೆಯನ್ನು ಅರಗಿಸಿಕೊಳ್ಳಲಾಗದ್ದೇ ಅವರ ನಿಜವಾದ ನೋವು ಎಂದರು. ಇಂದು ಇಲ್ಲಿಂದ ಎದ್ದುಹೋದರೆ ನೀವು ಸೇರುವುದು ನಿಮ್ಮ ಮನೆಯನ್ನು ಮಾತ್ರ ಎಂದೂ ಎಚ್ಚರಿಸಿದರು. ಲಿಬಿಯಾದಿಂದ 1985–86ರಲ್ಲಿ ಐಆರ್‌ಎಗೆ ಹಡಗುಗಳಲ್ಲಿ ಶಸ್ತ್ರಗಳು ಬಂದಿಳಿದಿದ್ದವು. ಅದನ್ನು ಬಲ್ಲ ಒಳಗಿನವರಿಗೆ ಮೆಗಿನಿಸ್ ಮಾತು ಬರೀ ಮಾತಾಗಿ ಕೇಳಿಸುವಂತಿರಲಿಲ್ಲ.

ಮಾತಿನ ಬೆಲೆ

ಹೊಸ್ತಿಲು ದಾಟುವ ತೀರ್ಮಾನವಾಯಿತು, ದಾಟಲು ಜನ ಕಳಿಸಲಿಲ್ಲ. 1987ರ ಫೆಬ್ರುವರಿಯ ಚುನಾವಣೆಯಲ್ಲಿ ದಕ್ಷಿಣದಲ್ಲಿ ಪಕ್ಷಕ್ಕೆ ಬಂದದ್ದು ಶೇ 2ಕ್ಕಿಂತ ಕಡಿಮೆ ಮತ, ಒಂದು ಸ್ಥಾನವೂ ಇಲ್ಲ. ಹೊಸ ನೀತಿಯಡಿ ಮೊದಲ ಶಾಸಕ ಕೀವೀನ್ ಓ ಕ್ವೀಲಾನ್ ಲೆನ್‌ಸ್ಟರ್ ಹೌಸಿನಲ್ಲಿ ಕುಳಿತದ್ದು 1997ರಲ್ಲಿ, ಅದೇ ಕ್ಯಾವನ್–ಮಾನಹನ್ ಕ್ಷೇತ್ರದಿಂದ. ದಕ್ಷಿಣದ ಮತದಾರರನ್ನು ದೂರವಿಟ್ಟಿದ್ದು ಖಾಲಿ ಕುರ್ಚಿಗಿಂತ ಹೆಚ್ಚಾಗಿ ಬಾಂಬು ಎಂಬುದು ಈ ಹನ್ನೊಂದು ವರ್ಷಗಳಿಂದ ನನಗೆ ಸ್ಪಷ್ಟವಾಗುತ್ತದೆ.

ಯುದ್ಧ ಮುಂದುವರಿಯಿತು. 1987ರ ಮೇ 8ರಂದು ಲಾಕ್‌ಗಾಲ್ ಪೊಲೀಸ್ ಠಾಣೆಯ ಮೇಲೆ ದಾಳಿಗೆ ಬಂದ ಐಆರ್‌ಎಯ ಎಂಟು ಮಂದಿಯನ್ನು ಬ್ರಿಟಿಷ್ ಪಡೆ ಹೊಂಚುಹಾಕಿ ಕೊಂದಿತು, ದಾರಿಹೋಕನೊಬ್ಬನೂ ಸತ್ತ. ಅದೇ ವರ್ಷ ನವೆಂಬರ್ 8ರಂದು ಎನಿಸ್ಕಿಲನ್‌ನಲ್ಲಿ, ಯುದ್ಧದಲ್ಲಿ ಮಡಿದವರ ಸ್ಮರಣೆಗೆ ಸ್ಮಾರಕದ ಬಳಿ ಸೇರಿದ್ದ ಜನರ ಪಕ್ಕದ ಕಟ್ಟಡದಲ್ಲಿ ಐಆರ್‌ಎ ಇಟ್ಟ ಬಾಂಬು ಸಿಡಿದು 11 ಮಂದಿ ಸತ್ತರು. ಇವೆರಡರ ನಡುವೆ ಇನ್ನೊಂದು ಸಂಗತಿ ನಡೆದಿತ್ತು, ಆಗ ಜನಕ್ಕೆ ತಿಳಿದಿರಲಿಲ್ಲ. ಆಡಮ್ಸ್ ಜೊತೆ ಮಾತುಕತೆಯಲ್ಲಿದ್ದ ಬೆಲ್‌ಫಾಸ್ಟಿನ ಕ್ಲೊನಾರ್ಡ್ ಮಠದ ಪಾದ್ರಿ ಅಲೆಕ್ ರೀಡ್ 1987ರ ಮೇ ತಿಂಗಳಲ್ಲಿ ಐರಿಷ್ ರಾಜಕಾರಣಿ ಚಾರ್ಲ್ಸ್ ಹಾಹಿ ಅವರಿಗೆ ಶಾಂತಿಯ ಸಾಧ್ಯತೆ ಕುರಿತು ದೀರ್ಘ ಪತ್ರ ಬರೆದಿದ್ದರು. ಎಂದೆಂದಿಗೂ ನಿಲ್ಲದ ಯುದ್ಧದ ಮಾತು ಸಭಾಂಗಣದಲ್ಲಿ ಮೊಳಗಿ ಆಗ ಆರೇ ತಿಂಗಳು ಕಳೆದಿತ್ತು.

ಇಲ್ಲಿ ನನಗೆ ಸಮಾಧಾನವಿಲ್ಲ. ಆ ಮಾತು ಕೊಡದಿದ್ದರೆ ಚಳವಳಿ ನಡುವೆ ಸೀಳಿ, 1922ರಂತೆ ಅಣ್ಣತಮ್ಮಂದಿರ ಕೊಲೆಯಾಗಿ, ಮುಂದೆ ಶಾಂತಿಗೆ ಕೈಹಾಕಲು ಒಟ್ಟಾಗಿ ಉಳಿದ ಸಂಘಟನೆಯೇ ಇಲ್ಲದಿರಬಹುದಿತ್ತು. ಇದನ್ನು ಒಪ್ಪುತ್ತೇನೆ. ಆದರೆ ಆ ಒಗ್ಗಟ್ಟಿನ ಬೆಲೆ ತೆತ್ತವರಲ್ಲಿ ಸಭಾಂಗಣದಲ್ಲಿ ಇಲ್ಲದವರೂ ಇದ್ದರು. ಎನಿಸ್ಕಿಲನ್ನಿನ ಸ್ಮಾರಕದ ಬಳಿ ನಿಂತಿದ್ದವರನ್ನು ಯಾವ ಠರಾವಿಗೂ ಯಾರೂ ಮತ ಕೇಳಿರಲಿಲ್ಲ. ಮೆಗಿನಿಸ್ ಮಾತು ನಂಬಿ ಕೈ ಎತ್ತಿದ ಕಾರ್ಯಕರ್ತನಿಗೂ ತಾನು ಯಾವುದರ ಪರ ಮತ ಹಾಕುತ್ತಿದ್ದೇನೆಂದು ಪೂರ್ತಿ ತಿಳಿದಿರಲಿಲ್ಲ.

ಮುಂದಿನ ತಿರುವುಗಳಲ್ಲಿ ಇದೇ ಬಗೆ ಮರುಕಳಿಸಿತು. 1994ರ ಆಗಸ್ಟ್ 31ರಂದು ಕದನವಿರಾಮ, 1996ರಲ್ಲಿ ಅದು ಮುರಿದು 1997ರ ಜುಲೈನಲ್ಲಿ ಮತ್ತೆ. ಆ ವರ್ಷದ ಕೊನೆಯಲ್ಲಿ ಐಆರ್‌ಎ ಸಭೆಯಲ್ಲಿ ಸೋತ ಬಣ ರಿಯಲ್ ಐಆರ್‌ಎ ಆಯಿತು. ಉತ್ತರ ಐರ್ಲೆಂಡಿನ ಶಾಂತಿಗಾಗಿ ಆದ 1998ರ ಗುಡ್ ಫ್ರೈಡೇ ಒಪ್ಪಂದದ ಬಳಿಕ ಮೇ 10ರಂದು ಸ್ಟಾರ್ಮಾಂಟ್‌ನಲ್ಲಿ ಕೂರಲು 350 ಪ್ರತಿನಿಧಿಗಳಲ್ಲಿ 331 ಮಂದಿ ಒಪ್ಪಿದರು, ಎರಡನೇ ಗೋಡೆಯೂ ಬಿತ್ತು. ಒಪ್ಪದವರ ಬಾಂಬು ಆಗಸ್ಟ್ 15ರಂದು ಓಮಾ ಪಟ್ಟಣದ ಬೀದಿಯಲ್ಲಿ 29 ಜನರನ್ನು ಕೊಂದಿತು, ಅವರಲ್ಲೊಬ್ಬರು ಅವಳಿ ಮಕ್ಕಳನ್ನು ಹೊತ್ತ ಗರ್ಭಿಣಿ. ಓ ಬ್ರಾಡಿ ಬಣದೊಂದಿಗೆ ಗುರುತಿಸಲಾದ ಕಂಟಿನ್ಯೂಟಿ ಐಆರ್‌ಎ 1996ರಲ್ಲೇ ಕಾಣಿಸಿಕೊಂಡಿತ್ತು. 1986ರಲ್ಲಿ ಹರಿಯದ ರಕ್ತ ಪೂರ್ತಿ ತಪ್ಪಿತ್ತೆಂದು ಹೇಳಲಾರೆ. ಎದ್ದುಹೋದವರ ಕೈಯಲ್ಲಿ ಆಯುಧ ಸೇರುವಷ್ಟು ಹೊತ್ತು ಅದು ತಡೆದಿತ್ತು.

ಎರಡನೇ ಡಾಯ್ಲ್‌ನ ಕೊನೆಯ ಸದಸ್ಯ ಟಾಮ್ ಮೆಗ್ವಾಯರ್ 1986ರಲ್ಲೂ ಬದುಕಿದ್ದರು, ವಯಸ್ಸು 94. 1969ರಲ್ಲಿ ಪ್ರಾವಿಷನಲ್‌ಗಳನ್ನು ಹರಸಿದ್ದ ಅವರು ಈ ಬಾರಿ ಓ ಬ್ರಾಡಿಯವರ ಪರ ನಿಂತರು. 1938ರ ಕಾಗದದ ಪ್ರಕಾರ ನ್ಯಾಯ ಹೇಳುವುದಾದರೆ ಎದ್ದುಹೋದವರೇ ಸರಿ. 1993ರಲ್ಲಿ 101ನೇ ವಯಸ್ಸಿನಲ್ಲಿ ಮೆಗ್ವಾಯರ್ ತೀರಿಕೊಂಡರು. 2009ರವರೆಗೆ ತನ್ನ ಪುಟ್ಟ ಪಕ್ಷ ನಡೆಸಿದ ಓ ಬ್ರಾಡಿ 2013ರ ಜೂನ್‌ನಲ್ಲಿ ಹೋದರು. ಅದಕ್ಕೆ ಒಂದು ವರ್ಷ ಮೊದಲು, ಉತ್ತರ ಐರ್ಲೆಂಡಿನ ಉಪ ಪ್ರಥಮ ಸಚಿವರಾಗಿದ್ದ ಮೆಗಿನಿಸ್ ಬೆಲ್‌ಫಾಸ್ಟಿನಲ್ಲಿ ಎಲಿಜಬೆತ್ ರಾಣಿಯ ಕೈ ಕುಲುಕಿದ್ದರು. 2020ರಲ್ಲಿ ಶಿನ್ ಫೇನ್ ಲೆನ್‌ಸ್ಟರ್ ಹೌಸಿನಲ್ಲಿ 37 ಸ್ಥಾನ ಗೆದ್ದಿತು, 2024ರ ಫೆಬ್ರುವರಿಯಲ್ಲಿ ಮಿಶೆಲ್ ಓ ನೀಲ್ ಉತ್ತರದ ಪ್ರಥಮ ಸಚಿವೆಯಾದರು.

ಮೂರನೇ ಗೋಡೆ ಮಾತ್ರ ನಿಂತಿದೆ. 2024ರ ಜುಲೈನಲ್ಲಿ ಬ್ರಿಟಿಷ್ ಸಂಸತ್ತಿಗೆ ಶಿನ್ ಫೇನ್‌ನಿಂದ ಏಳು ಮಂದಿ ಗೆದ್ದರು. ಒಬ್ಬರೂ ಒಳಗೆ ಹೋಗಿ ಕೂರಲಿಲ್ಲ. ಐರ್ಲೆಂಡಿನ ಜನರಿಗೆ ಕಾನೂನು ಮಾಡುವ ಹಕ್ಕು ಆ ಸಂಸತ್ತಿಗಿಲ್ಲ, ದೊರೆಗೆ ನಿಷ್ಠೆಯ ಪ್ರಮಾಣ ಮಾಡುವುದಿಲ್ಲ ಎಂದು ಪಕ್ಷ ಇಂದಿಗೂ ಹೇಳುತ್ತದೆ. 1986ರ ಆ ಭಾನುವಾರ ಓ ಬ್ರಾಡಿ ಬೇರೊಂದು ಕಟ್ಟಡದ ಬಗ್ಗೆ ಹೇಳಿ ಸೋತದ್ದೂ ಹೆಚ್ಚುಕಡಿಮೆ ಇದೇ ವಾದವನ್ನು.